ಎರಡನೇ ಸಾಲನ್ನು ಕತ್ತರಿಸಬೇಡಿ

ಶಿವಮೊಗ್ಗದ ಓದುಗರೊಬ್ಬರು ನಮಗೆ ಬರೆದಿರುವುದರ ಸಾರ ಇಷ್ಟು: “ಕಾಲೇಜು ಹುಡುಗರಿಗಾಗಿ ಬೈಬಲಿನ ಹಾಡುಗಳ ಒಂದು ಸಣ್ಣ ಕನ್ನಡ ಸಂಗ್ರಹ ಮಾಡುತ್ತಿದ್ದೇನೆ. ಇವುಗಳಲ್ಲಿ ಪ್ರತಿಯೊಂದನ್ನೂ ಎರಡೆರಡು ಸಲ ಹೇಳಿದ್ದಾರೆ. ಪ್ರಾಸ ಇಲ್ಲ, ಗಣ ಇಲ್ಲ. ಷಟ್ಪದಿ, ರಗಳೆ ಓದಿ ಬೆಳೆದ ನಮಗೆ ಇದು ಪದ್ಯ ಅನ್ನಿಸುವುದಾದರೂ ಹೇಗೆ? ಎರಡನೇ ಸಾಲು ಬಿಟ್ಟು ಮೊದಲನೆಯದನ್ನಷ್ಟೇ ಇಟ್ಟುಕೊಂಡರೆ ಪುಸ್ತಕ ಅರ್ಧಕ್ಕಿಳಿಯುತ್ತದೆ. ಅರ್ಥವೇನೂ ಕೆಡುವುದಿಲ್ಲ, ಅಲ್ವಾ?”

ಸಂಪಾದಕರ ಉತ್ತರ:

ಕೆಡುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಈ ಹಾಡುಗಳ ಮೂಲವಾದ ಹೀಬ್ರೂ ಪದ್ಯದ ಜೀವ ಇರುವುದೇ ಆ ಎರಡನೇ ಸಾಲಿನಲ್ಲಿ.

ಬೈಬಲಿನೊಳಗಿನ ಒಂದು ಪ್ರಸಂಗವನ್ನೇ ನೋಡೋಣ. ದಾವೀದ ಗೊಲ್ಯಾತನನ್ನು ಕೊಂದು ಮರಳುತ್ತಾನೆ. ಹೆಂಗಸರು ದಮ್ಮಡಿ ಬಡಿಯುತ್ತಾ ಎದುರು ಬಂದು ಹಾಡುತ್ತಾರೆ: “ಸೌಲ ಸಾವಿರಗಟ್ಟಲೆ ಕೊಂದ, ದಾವೀದ ಹತ್ತು ಸಾವಿರಗಟ್ಟಲೆ ಕೊಂದ.” ನಿಮ್ಮ ಲೆಕ್ಕದಲ್ಲಿ ಇದು ಒಂದೇ ಮಾತು. ಇಬ್ಬರೂ ಶೂರರು, ಮುಗಿಯಿತು. ಆದರೆ ಅರಸ ಸೌಲನಿಗೆ ಹಾಗೆ ಕೇಳಿಸಲಿಲ್ಲ. “ಅವನಿಗೆ ಹತ್ತು ಸಾವಿರ, ನನಗೆ ಬರೀ ಸಾವಿರ. ಇನ್ನು ಅವನಿಗೆ ಸಿಗಬೇಕಾದ್ದು ರಾಜ್ಯ ಒಂದೇ” ಎಂದು ಅವನು ಉರಿದುಬಿದ್ದ. ಮಾರನೆಯ ದಿನವೇ ದಾವೀದನ ಮೇಲೆ ಈಟಿ ಎಸೆದ.

ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. 1928ರಲ್ಲಿ ಸಿರಿಯಾದ ಕಡಲ ತೀರದಲ್ಲಿ ರೈತನೊಬ್ಬನ ನೇಗಿಲಿಗೆ ಹಳೆಯ ಸಮಾಧಿಯ ಕಲ್ಲು ತಗುಲಿತು. ಮರುವರ್ಷ ಅಲ್ಲಿ ಉತ್ಖನನ ಶುರುವಾಗಿ, ಹತ್ತಿರದಲ್ಲೇ ದಾವೀದನ ಕಾಲಕ್ಕಿಂತ ಹಳೆಯ ಉಗಾರಿತ್ ಎಂಬ ನಗರ ಸಿಕ್ಕಿತು. ಅಲ್ಲಿನ ಮಣ್ಣಿನ ಹಲಗೆಗಳ ಮೇಲಿನ ಕಾವ್ಯದಲ್ಲೂ ಇದೇ ಜೋಡಿಸಾಲು. ಮೊದಲು ಸಾವಿರ, ಆಮೇಲೆ ಹತ್ತು ಸಾವಿರ. ಅಂದರೆ ಹಾಡುಗಾರರ ಬಾಯಲ್ಲಿ ಈ ಜೋಡಿ ಮೊದಲೇ ಪಳಗಿತ್ತು. ಆ ಹೆಂಗಸರಿಗೆ ಅರಸನನ್ನು ಚುಚ್ಚುವ ಉದ್ದೇಶ ಇರಲಿಲ್ಲ, ಸೌಲನೇ ಜಾಸ್ತಿ ಅರ್ಥ ಹಚ್ಚಿಕೊಂಡ ಎನ್ನುವ ವಿದ್ವಾಂಸರಿದ್ದಾರೆ. ಇರಬಹುದು. ಆದರೂ ಈ ಕಥೆ ಬರೆದವನು ತನ್ನ ಓದುಗರನ್ನು ನಂಬಿದ್ದ. ಎರಡನೇ ಸಾಲಿಗೆ ತೂಕ ಹೆಚ್ಚು ಎಂದು ಅವರಿಗೆ ಗೊತ್ತಿರದಿದ್ದರೆ ಸೌಲನ ಸಿಟ್ಟು ಅವರಿಗೆ ಅರ್ಥವೇ ಆಗುತ್ತಿರಲಿಲ್ಲ.

“ಒಂದೇ ಮಾತು ಎರಡು ಸಲ” ಎಂಬ ಅಭಿಪ್ರಾಯ ನಿಮ್ಮೊಬ್ಬರದಲ್ಲ. ಅದರ ಹಿಂದೆ ದೊಡ್ಡವರೊಬ್ಬರಿದ್ದಾರೆ. ರಾಬರ್ಟ್ ಲೌತ್ 1741ರಲ್ಲಿ ಆಕ್ಸ್‌ಫರ್ಡಿನಲ್ಲಿ ಕಾವ್ಯದ ಪ್ರಾಧ್ಯಾಪಕರಾದರು. ಹೀಬ್ರೂ ಕಾವ್ಯದ ಬಗ್ಗೆ ಅವರು ಲ್ಯಾಟಿನ್ನಿನಲ್ಲಿ ಕೊಟ್ಟ ಉಪನ್ಯಾಸಗಳು 1753ರಲ್ಲಿ ಪುಸ್ತಕವಾದವು. ಈ ಕಾವ್ಯ ನಡೆಯುವುದೇ ಸಾಲಿಗೆ ಸಾಲು ಸಮಾನಾಂತರವಾಗಿ ಎಂದು ತೋರಿಸಿ, ಅದನ್ನು ಮೂರು ಬಗೆ ಮಾಡಿದರು: ಅದನ್ನೇ ಮತ್ತೆ ಹೇಳುವುದು, ಎದುರು ಹೇಳುವುದು, ಮುಂದುವರಿಸಿ ಹೇಳುವುದು. ಪ್ರವಾದಿಗಳ ಮಾತಿನಲ್ಲೂ ಕಾವ್ಯ ಇದೆ ಎಂದು ಯುರೋಪಿಗೆ ಮನವರಿಕೆ ಮಾಡಿಕೊಟ್ಟವರು ಅವರು. ಅದು ಸಣ್ಣ ಕೆಲಸವಲ್ಲ. ಆದರೆ ಆ ಮೊದಲ ಬಗೆಯಿಂದ ನಷ್ಟವೂ ಆಯಿತು. “ಓ, ಇದು ಅದನ್ನೇ ಹೇಳುತ್ತಿದೆ” ಎಂದು ಓದುಗರು ಎರಡನೇ ಸಾಲನ್ನು ಹಾರಿಸುವುದು ರೂಢಿಯಾಯಿತು.

1981ರಲ್ಲಿ ಬೈಬಲ್ ವಿದ್ವಾಂಸ ಜೇಮ್ಸ್ ಕುಗೆಲ್ ಇದನ್ನು ನೇರವಾಗಿ ಪ್ರಶ್ನಿಸಿದರು. ಎರಡನೇ ಸಾಲು ಮೊದಲನೆಯದರ ನೆರಳಲ್ಲ, “ಅಷ್ಟೇ ಅಲ್ಲ, ಇನ್ನೂ ಕೇಳು” ಎನ್ನುವ ಮಾತು ಎಂದರು. ನಾಲ್ಕು ವರ್ಷದ ನಂತರ ಇನ್ನೊಬ್ಬ ವಿದ್ವಾಂಸ ರಾಬರ್ಟ್ ಆಲ್ಟರ್, ಎರಡನೇ ಸಾಲಿನಲ್ಲಿ ಚಿತ್ರ ಹೆಚ್ಚು ಖಚಿತವಾಗುತ್ತದೆ, ತೀವ್ರವಾಗುತ್ತದೆ ಎಂದು ಉದಾಹರಣೆಗಳ ಸಮೇತ ತೋರಿಸಿದರು. ಬೈಬಲಿನಲ್ಲಿ ಗದ್ಯ-ಪದ್ಯ ಎಂಬ ಗೆರೆಯನ್ನೇ ಕುಗೆಲ್ ಒಪ್ಪುವುದಿಲ್ಲ. ಆ ಮಾತು ನನಗೆ ಒಪ್ಪಿಗೆಯಿಲ್ಲ. ಗೆರೆ ಇದೆ ಎನ್ನಲು ನ್ಯಾಯಸ್ಥಾಪಕರು ಪುಸ್ತಕವೊಂದೇ ಸಾಕು. ಅಲ್ಲಿ 4ನೇ ಅಧ್ಯಾಯ ಗದ್ಯ, 5ನೆಯದು ಪ್ರವಾದಿನಿ ದೆಬೋರಳ ಹಾಡು. ಘಟನೆ ಒಂದೇ. ಇಡೀ ಬೈಬಲಿನಲ್ಲೇ ತೀರಾ ಹಳೆಯ ಭಾಗಗಳಲ್ಲಿ ಈ ಹಾಡೂ ಒಂದು ಎನ್ನುತ್ತಾರೆ. ನನಗೆ ಬಹಳ ಪ್ರಿಯವಾದದ್ದು, ಸ್ವಲ್ಪ ನಿಧಾನವಾಗಿ ಓದೋಣ.

ಒಂಬೈನೂರು ಕಬ್ಬಿಣದ ರಥಗಳ ಸೇನಾಪತಿ, ಇಸ್ರಾಯೇಲರ ಶತ್ರು ಸಿಸೆರ ಸೋತು, ಕಾಲ್ನಡಿಗೆಯಲ್ಲಿ ಓಡಿಬಂದು ಯಾಯೇಲ್ ಎಂಬ ಹೆಂಗಸಿನ ಗುಡಾರ ಸೇರುತ್ತಾನೆ. ಗದ್ಯದಲ್ಲಿ ಅವನು ನೀರು ಕೇಳುತ್ತಾನೆ, ಹಾಲು ಕುಡಿಯುತ್ತಾನೆ. ಅವಳು ಹೊದಿಸುತ್ತಾಳೆ. ಅವನು ದಣಿದು ನಿದ್ದೆ ಹೋಗುತ್ತಾನೆ. ಅವಳು ಮೆಲ್ಲಗೆ ಬಂದು ಅವನ ಕಣತಲೆಗೆ ಗುಡಾರದ ಗೂಟ ಹೊಡೆಯುತ್ತಾಳೆ. ಅಚ್ಚುಕಟ್ಟಾದ ವರದಿ. ಹಾಡು ಹೀಗೆ ಹೋಗುತ್ತದೆ:

ನೀರು ಕೇಳಿದ, ಹಾಲು ಕೊಟ್ಟಳು;
ದೊರೆಗಳ ಬಟ್ಟಲಲ್ಲಿ ಮೊಸರು ತಂದಳು.

ನಿಮ್ಮ ಕತ್ತರಿ ಹಾಕಿದರೆ ಹೋಗುವುದು ಆ ಬಟ್ಟಲು. ನೀರಿನಿಂದ ಹಾಲಿಗೆ, ಹಾಲಿನಿಂದ ಮೊಸರಿಗೆ ಉಪಚಾರ ಏರುತ್ತಾ ಹೋಗುತ್ತದೆ. ದೊರೆಗಳ ಬಟ್ಟಲು ಬಂದಾಗ ಅತಿಥಿಗೆ ಇದಕ್ಕಿಂತ ದೊಡ್ಡ ಗೌರವ ಇಲ್ಲ. ಮರುಸಾಲಿನಲ್ಲೇ ಅವಳ ಕೈ ಗೂಟಕ್ಕೆ ಹೋಗುತ್ತದೆ, ಬಲಗೈ ಸುತ್ತಿಗೆಗೆ. ಆಮೇಲೆ:

ಅವಳ ಕಾಲ ನಡುವೆ ಕುಸಿದ, ಬಿದ್ದ, ಒರಗಿದ;
ಅವಳ ಕಾಲ ನಡುವೆ ಕುಸಿದ, ಬಿದ್ದ;
ಎಲ್ಲಿ ಕುಸಿದನೋ ಅಲ್ಲೇ ಬಿದ್ದ, ನಾಶವಾಗಿ.

ಗದ್ಯದಲ್ಲಿ ಮಲಗಿದ್ದವನು ಇಲ್ಲಿ ಬೀಳುತ್ತಿದ್ದಾನೆ, ನೋಡಿ. ಹಾಗಾದರೆ ನಿಂತು ಕುಡಿಯುತ್ತಿದ್ದಾಗಲೇ ಹೊಡೆದಳೇ? ಕೈ, ಬಲಗೈ ಎಂದರೆ ಎರಡು ಕೈಯೋ, ಒಂದೇ ಕೈಗೆ ಜೋಡಿಸಾಲಿನ ಎರಡು ಹೆಸರೋ? ಇದರ ಮೇಲೆ ವಾದ ನಡೆಯುತ್ತಲೇ ಬಂದಿದೆ. ನನ್ನ ಓದಿನಲ್ಲಿ ಹಾಡಿಗೆ ಅವನ ಭಂಗಿ ಮುಖ್ಯವಲ್ಲ, ಬೀಳುವುದು ಮುಖ್ಯ. ಗದ್ಯಕ್ಕೆ ಒಂದು ಕ್ರಿಯಾಪದ ಸಾಕಾಗಿತ್ತು. ಹಾಡು ಅವನನ್ನು ಮೂರು ಸಲ ಬೀಳಿಸುತ್ತದೆ, ಕೇಳುವವರಿಗೆ ಕಣ್ಣಾರೆ ಕಾಣುವಷ್ಟು ನಿಧಾನವಾಗಿ.

ಅಷ್ಟಕ್ಕೇ ಬಿಡದೆ ಹಾಡು ಸಿಸೆರನ ತಾಯಿಯ ಕಿಟಕಿಗೆ ಹೋಗುತ್ತದೆ. ಗದ್ಯದಲ್ಲಿ ಈ ತಾಯಿಯೇ ಇಲ್ಲ. ಅವನ ರಥ ಯಾಕೆ ಇನ್ನೂ ಬರಲಿಲ್ಲ ಎಂದು ಅವಳು ಕೇಳುತ್ತಾಳೆ. ಕೊಳ್ಳೆ ಹಂಚಿಕೊಳ್ಳುತ್ತಿರಬೇಕು ಎಂದು ಸಮಾಧಾನ ಮಾಡಿಕೊಳ್ಳುತ್ತಾಳೆ. ಒಬ್ಬೊಬ್ಬನಿಗೆ ಒಂದೋ ಎರಡೋ ಹೆಣ್ಣು. ಸಿಸೆರನಿಗೆ ಬಣ್ಣದ ಬಟ್ಟೆ, ಕಸೂತಿಯ ಬಣ್ಣದ ಬಟ್ಟೆ, ಎರಡೂ ಕಡೆ ಕಸೂತಿಯ ಬಣ್ಣದ ಬಟ್ಟೆ. ಮಗ ತಡಮಾಡಿದಷ್ಟೂ ಅವಳ ಮನಸ್ಸಿನಲ್ಲಿ ಆ ಬಟ್ಟೆ ಬೆಲೆಬಾಳುತ್ತಾ ಹೋಗುತ್ತದೆ. ಅವನು ಸತ್ತಿದ್ದಾನೆಂದು ನಮಗೆ ಗೊತ್ತು. ಇದರಲ್ಲಿ ಯಾವುದನ್ನು “ಮತ್ತೆ ಹೇಳಿದ್ದು” ಎಂದು ತೆಗೆಯುತ್ತೀರಿ?

ಇಷ್ಟು ಹೇಳಿ ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು. ಎರಡನೇ ಸಾಲು ಬಂತೆಂದರೆ ಎರಡನೇ ವಸ್ತುವೂ ಇದೆ ಅಂತಲ್ಲ. ಅರಸನು ಕತ್ತೆಯನ್ನೇರಿ, ಕತ್ತೆಯ ಮರಿಯನ್ನೇರಿ ಬರುತ್ತಾನೆ ಎಂದು ಪ್ರವಾದಿ ಜೆಕರ್ಯ ಹಾಡುತ್ತಾನೆ. ಪ್ರಾಣಿ ಒಂದೇ. ಯೇಸು ಯೆರೂಸಲೇಮಿಗೆ ಬರುವ ಪ್ರಸಂಗದಲ್ಲಿ ಸುವಾರ್ತೆ ಬರೆದವರ ಪೈಕಿ ಮಾರ್ಕ, ಲೂಕ, ಯೋಹಾನ ಮೂವರೂ ಒಂದೇ ಪ್ರಾಣಿಯನ್ನು ಹೇಳುತ್ತಾರೆ. ಮತ್ತಾಯ ಮಾತ್ರ ಕತ್ತೆಯನ್ನೂ ಮರಿಯನ್ನೂ ತರಿಸುತ್ತಾನೆ. ಜೋಡಿಸಾಲಿನ ರೀತಿ ಅವನಿಗೆ ತಿಳಿಯಲಿಲ್ಲ ಎಂದು ಕೆಲವರು ಸಲೀಸಾಗಿ ಹೇಳಿಬಿಡುತ್ತಾರೆ. ಧರ್ಮಗ್ರಂಥವನ್ನು ಅಷ್ಟು ಚೆನ್ನಾಗಿ ಬಲ್ಲವನಿಗೆ ಅದು ತಿಳಿಯದೆ ಇತ್ತೆಂದು ನಾನು ನಂಬಲಾರೆ. ಪ್ರವಾದಿಯ ಒಂದು ಮಾತೂ ಸುಮ್ನೆ ಬಂದದ್ದಲ್ಲ ಎಂಬುದು ಅವನ ನಂಬಿಕೆಯಾಗಿರಬೇಕು.

ಇನ್ನು ಛಂದಸ್ಸು. ಮೋಶೆಯ ಹಾಡು ಗ್ರೀಕರ ಆರು ಗಣದ ಛಂದಸ್ಸಿನಲ್ಲಿದೆ ಎಂದು ಮೊದಲನೇ ಶತಮಾನದಲ್ಲೇ ಯೆಹೂದಿ ಇತಿಹಾಸಕಾರ ಜೋಸೀಫಸ್ ಬರೆದ. 1882ರಲ್ಲಿ ವಿದ್ವಾಂಸ ಕಾರ್ಲ್ ಬುದ್ದೆ ಬೈಬಲಿನ ‘ಪ್ರಲಾಪಗಳು’ ಪುಸ್ತಕದ ಸಾಲುಗಳಲ್ಲಿ ಒತ್ತಿ ನುಡಿಯುವ ಪದ ಮೂರು, ಆಮೇಲೆ ಎರಡು ಎಂಬ ಕುಂಟು ನಡಿಗೆ ಗುರುತಿಸಿದರು. ಎಲ್ಲ ಹಾಡಿಗೂ ಹೊಂದುವ, ಎಲ್ಲರೂ ಒಪ್ಪುವ ಲೆಕ್ಕ ಮಾತ್ರ ಇವತ್ತಿಗೂ ಸಿಕ್ಕಿಲ್ಲ. ಹಾಗಂತ ಕಟ್ಟುನಿಟ್ಟು ಇಲ್ಲವೆಂದಲ್ಲ. ಯೆರೂಸಲೇಮ್ ಹಾಳಾದ ದುಃಖದ ಹಾಡುಗಳಾದ ಆ ಪ್ರಲಾಪಗಳನ್ನೇ ನೋಡಿ. ಹೀಬ್ರೂ ಅಕ್ಷರ 22. 1, 2 ಮತ್ತು 4ನೇ ಅಧ್ಯಾಯಗಳಲ್ಲಿ 22 ವಚನ, ಒಂದೊಂದೂ ವರ್ಣಮಾಲೆಯ ಒಂದೊಂದು ಅಕ್ಷರದಿಂದ ಶುರು. 3ನೆಯದರಲ್ಲಿ ಅಕ್ಷರಕ್ಕೆ ಮೂರರಂತೆ 66. ಕೊನೆಯ ಅಧ್ಯಾಯದಲ್ಲೂ 22 ವಚನ ಇವೆ, ಅಕ್ಷರಕ್ರಮ ಮಾತ್ರ ಇಲ್ಲ. ಯಾಕೆ ಬಿಟ್ಟರು ಎಂಬುದಕ್ಕೆ ಒಬ್ಬೊಬ್ಬರದು ಒಂದೊಂದು ಉತ್ತರ. ಅಳು ಮುಂದುವರಿದಿದೆ, ಅದನ್ನು ಕಟ್ಟಿಡುವ ಶಕ್ತಿ ಮುಗಿದಿದೆ ಎಂದೇ ನಾನು ಓದಿಕೊಳ್ಳುತ್ತೇನೆ.

ಕನ್ನಡದ ಗಣ-ಪ್ರಾಸವೇ ಬೇಕು ಎನಿಸಿದರೆ ಅದಕ್ಕೂ ದಾರಿಯಿದೆ. ನಾಗವರ್ಮನ ಛಂದಸ್ಸಿನ ಗ್ರಂಥವನ್ನು 1875ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದ ಕಿಟೆಲ್, ಅದಕ್ಕೂ ಮೊದಲೇ ‘ಕಥಾಮಾಲೆ’ಯಲ್ಲಿ ಕ್ರಿಸ್ತನ ಚರಿತ್ರೆಯನ್ನು ನಮ್ಮ ಪದ್ಯದ ಧಾಟಿಗೆ ತಂದಿದ್ದರು. ಅದು ಹೊಸದಾಗಿ ಕಟ್ಟುವ ಕೆಲಸ. ನೀವು ಕೇಳಿದ್ದು ಕತ್ತರಿಸುವ ಬಗ್ಗೆ.

ಪುಟ ಕಡಿಮೆಯಿದ್ದರೆ ಹಾಡುಗಳ ಸಂಖ್ಯೆ ಇಳಿಸಿ. ನೂರರ ಬದಲು ಐವತ್ತು ಇರಲಿ, ಪೂರ್ತಿ ಇರಲಿ. ಎರಡನೇ ಸಾಲನ್ನು ಸ್ವಲ್ಪ ಒಳಗೆ ಸರಿಸಿ ಅಚ್ಚು ಮಾಡಿಸಿ, ಹುಡುಗರ ಕಣ್ಣಿಗೆ ಜೋಡಿ ತಾನೇ ಕಾಣುತ್ತದೆ. 114ನೇ ಕೀರ್ತನೆಯಿಂದ ಶುರುಮಾಡಬಹುದು. ಎಂಟೇ ವಚನ, ಸಮುದ್ರ ಓಡುತ್ತದೆ, ಬೆಟ್ಟಗಳು ಟಗರುಗಳಂತೆ ಕುಣಿಯುತ್ತವೆ. ದೆಬೋರಳ ಹಾಡಂತೂ ಇರಲೇಬೇಕು. ಅದರ ಕರಡು ಮುಗಿದ ಕೂಡಲೇ ನಮಗೆ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಅದಕ್ಕೆ ಎರಡು ಪುಟ ಇಟ್ಟಿರುತ್ತೇವೆ.