ಹಾಡು-ಕುಣಿತದ ನಡುವೆ ಹಸಿವು ಎಲ್ಲಿತ್ತು?

ಪ್ರಶ್ನೆ: 1930ರ ದಶಕದ ಮಹಾ ಆರ್ಥಿಕ ಕುಸಿತದ ಬಗ್ಗೆ ಓದುತ್ತಿದ್ದೇನೆ. ಆದರೆ ಆ ಕಾಲದ ಅಮೆರಿಕನ್ ಸಿನಿಮಾಗಳಲ್ಲಿ ನನಗೆ ಕಂಡದ್ದು ಬಂಗಲೆ, ರೇಷ್ಮೆ ಗೌನು, ನೃತ್ಯ. ಜನ ರೊಟ್ಟಿಗಾಗಿ ಸಾಲುಗಟ್ಟಿ ನಿಂತಿದ್ದಾಗ ಹಾಲಿವುಡ್ ಕಣ್ಣುಮುಚ್ಚಿ ಕುಳಿತಿತ್ತೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಇಲ್ಲ. ನೃತ್ಯದ ಚಿತ್ರವನ್ನೇ ತೆಗೆದುಕೊಳ್ಳಿ. ‘ಗೋಲ್ಡ್ ಡಿಗ್ಗರ್ಸ್ ಆಫ್ 1933’ ಶುರುವಾಗುವಾಗ ನಾಣ್ಯಗಳನ್ನೇ ಉಡುಪಾಗಿ ತೊಟ್ಟ ಹುಡುಗಿಯರು ‘ನಮ್ಮಲ್ಲಿ ದುಡ್ಡಿದೆ’ ಎಂದು ಹಾಡುತ್ತಿರುತ್ತಾರೆ. ಹಾಡು ಮುಗಿಯುವ ಮೊದಲೇ ಶೆರಿಫ್‌ನ ಆಳುಗಳು ನುಗ್ಗಿ, ಬಾಕಿ ತೀರದ ನಾಟಕದ ಸಾಮಾನನ್ನೆಲ್ಲ ಜಪ್ತಿ ಮಾಡುತ್ತಾರೆ. ಆಮೇಲೆ ಅವೇ ಹುಡುಗಿಯರು ಪಕ್ಕದ ಮನೆಯವರ ಹಾಲಿನ ಬಾಟಲಿಯನ್ನು ಇಕ್ಕಳದಿಂದ ಎತ್ತಿ ಕದಿಯುತ್ತಾರೆ. ಗೆಳತಿ ತೊಟ್ಟು ಬಂದ ಒಳ್ಳೆಯ ಉಡುಪನ್ನು ಬಿಚ್ಚಿಸಿಕೊಂಡು ಒಬ್ಬಳು ಕೆಲಸ ಕೇಳಲು ಹೊರಡುತ್ತಾಳೆ. ಆ ವರ್ಷ ಅಮೆರಿಕದ ದುಡಿಯುವವರಲ್ಲಿ ನಾಲ್ವರಿಗೊಬ್ಬರಂತೆ ನಿರುದ್ಯೋಗಿಗಳಿದ್ದರು. ಪ್ರೇಕ್ಷಕರಿಗೆ ಇದನ್ನು ಯಾರೂ ವಿವರಿಸಬೇಕಾಗಿರಲಿಲ್ಲ.

ಅದೇ ಚಿತ್ರದ ಕೊನೆಯ ಹಾಡಿನಲ್ಲಿ ಮೊದಲ ಮಹಾಯುದ್ಧಕ್ಕೆ ಹೊರಟ ಸೈನಿಕರು ಗಾಯಗೊಂಡು ಮರಳಿ, ಕಡೆಗೆ ಗಂಜಿಯ ಸಾಲಿನಲ್ಲಿ ನಿಲ್ಲುತ್ತಾರೆ. ಹಿಂದಿನ ವರ್ಷವಷ್ಟೇ, 1932ರ ಜುಲೈ 28ರಂದು, ತಮಗೆ 1945ರಲ್ಲಿ ಸಿಗಬೇಕಿದ್ದ ಬೋನಸ್ಸನ್ನು ಈಗಲೇ ಕೊಡಿ ಎಂದು ವಾಷಿಂಗ್ಟನ್‌ನಲ್ಲಿ ಬೀಡುಬಿಟ್ಟಿದ್ದ ಮಾಜಿ ಸೈನಿಕರನ್ನು ಸೇನೆಯೇ ಅಶ್ರುವಾಯು ಬಿಟ್ಟು ಓಡಿಸಿತ್ತು.

ನನಗೆ ಇನ್ನೂ ಹೆಚ್ಚು ಕಾಡುವುದು 1932ರ ‘ಐ ಆಮ್ ಎ ಫ್ಯುಜಿಟಿವ್ ಫ್ರಮ್ ಎ ಚೈನ್ ಗ್ಯಾಂಗ್’. ಕೆಲಸವಿಲ್ಲದೆ ಅಲೆಯುವ ಮಾಜಿ ಸೈನಿಕ (ಪಾಲ್ ಮುನಿ) ತನ್ನ ಪದಕವನ್ನು ಒತ್ತೆ ಇಡಲು ಗಿರವಿ ಅಂಗಡಿಗೆ ಹೋಗುತ್ತಾನೆ. ಅಂಗಡಿಯವನು ಅಲ್ಲಿ ಪೇರಿಸಿಟ್ಟ ಪದಕಗಳನ್ನು ತೋರಿಸುತ್ತಾನೆ. ಒಂದು ಇಡೀ ತಲೆಮಾರಿನ ಕಥೆ ಅಷ್ಟರಲ್ಲಿ ಮುಗಿದುಹೋಗುತ್ತದೆ. ಕೈದಿಗಳನ್ನು ಕಾಲಿಗೆ ಬೇಡಿ ಹಾಕಿ ದುಡಿಸುತ್ತಿದ್ದ ಜಾರ್ಜಿಯಾದ ಸಂಕೋಲೆ ಶಿಬಿರದಿಂದ ನಿಜವಾಗಿಯೂ ಪರಾರಿಯಾಗಿದ್ದ ರಾಬರ್ಟ್ ಬರ್ನ್ಸ್ ಬರೆದ ಆತ್ಮಕಥೆಯೇ ಇದರ ಮೂಲ. ಚಿತ್ರ ಬಂದ ಬಳಿಕ ಆತ ಸೆರೆಸಿಕ್ಕಾಗ, ಅವನನ್ನು ಜಾರ್ಜಿಯಾಕ್ಕೆ ಒಪ್ಪಿಸಲು ನ್ಯೂ ಜೆರ್ಸಿಯ ಗವರ್ನರ್ ನಿರಾಕರಿಸಿದರು.

ಹಾಗಾದರೆ ತಕರಾರು ಎಲ್ಲಿ? ಕಷ್ಟವನ್ನು ತೋರಿಸುವುದರಲ್ಲಲ್ಲ, ಅದನ್ನು ಬಗೆಹರಿಸುವುದರಲ್ಲಿ. ‘ವೈಲ್ಡ್ ಬಾಯ್ಸ್ ಆಫ್ ದ ರೋಡ್’ (1933) ಗೂಡ್ಸ್ ರೈಲು ಹತ್ತಿ ಊರೂರು ಅಲೆಯುವ ಮಕ್ಕಳ ಚಿತ್ರ. ಒಬ್ಬ ಹುಡುಗ ರೈಲಿಗೆ ಸಿಕ್ಕಿ ಕಾಲು ಕಳೆದುಕೊಳ್ಳುತ್ತಾನೆ. ಕೊನೆಗೆ ನ್ಯಾಯಾಧೀಶರೊಬ್ಬರು ಕರಗಿಬಿಡುತ್ತಾರೆ, ಗೋಡೆಯ ಮೇಲೆ ಅಧ್ಯಕ್ಷ ರೂಸ್‌ವೆಲ್ಟ್ ಸರ್ಕಾರದ ಆರ್ಥಿಕ ಚೇತರಿಕೆ ಯೋಜನೆಯ ನೀಲಿ ಹದ್ದಿನ ಲಾಂಛನ! 1934ರ ಮಧ್ಯದಿಂದ, ತೆರೆಯ ಮೇಲೆ ಏನು ತೋರಿಸಬಹುದೆಂಬ ಚಿತ್ರೋದ್ಯಮದ ನೀತಿಸಂಹಿತೆ ಬಿಗಿಯಾದ ಮೇಲಂತೂ ಕಹಿಗೆ ಸಕ್ಕರೆ ಹೆಚ್ಚಾಯಿತು. ‘ಮೈ ಮ್ಯಾನ್ ಗಾಡ್‌ಫ್ರೀ’ಯಲ್ಲಿ (1936) ಶ್ರೀಮಂತರು ವಿನೋದದ ಆಟಕ್ಕಾಗಿ ಕಸದ ಗುಡ್ಡೆಯಿಂದ ಒಬ್ಬ ನಿರ್ಗತಿಕನನ್ನು ಹಿಡಿದು ತರುವ ದೃಶ್ಯ ಚಾಟಿಯೇಟಿನಂತಿದೆ. ಆದರೆ ಅವನೂ ಸಿರಿವಂತ ಮನೆತನದವನೇ ಎಂದು ಆಮೇಲೆ ತಿಳಿಯುತ್ತದೆ. ಇದು ನನಗೆ ಮೋಸವೆನಿಸುತ್ತದೆ. ‘ದ ಗ್ರೇಪ್ಸ್ ಆಫ್ ರಾತ್’ (1940) ಕೂಡ, ಮೂಲ ಕಾದಂಬರಿಯ ನಡುವೆ ಬರುವ ವಲಸೆ ಕೂಲಿಗಳ ಸರ್ಕಾರಿ ಶಿಬಿರವನ್ನು ಕೊನೆಗೆ ಸರಿಸಿ ಭರವಸೆಯ ಕಡೆಗೆ ವಾಲುತ್ತದೆ.

ನೋಡುವಾಗ ಒಂದು ವಿಷಯ ಗಮನಿಸಿ. ಕುಸಿತದ ಹೊಡೆತ ಕಪ್ಪುವರ್ಣೀಯರಿಗೇ ಹೆಚ್ಚು ಬಿದ್ದಿತ್ತು. ತೆರೆಯ ಮೇಲೆ ಅವರಿಗೆ ಸಿಕ್ಕಿದ್ದು ಅಂಚಿನ ಜಾಗ. ‘ಚೈನ್ ಗ್ಯಾಂಗ್’ ಚಿತ್ರದಲ್ಲಿ ಪಾಲ್ ಮುನಿಯ ಕಾಲಿನ ಬೇಡಿಯನ್ನು ಸುತ್ತಿಗೆಯಿಂದ ಬಡಿದು ಪರಾರಿಗೆ ದಾರಿ ಮಾಡಿಕೊಡುವವನು ಕಪ್ಪುವರ್ಣೀಯ ಕೈದಿ. ನಾಯಕ ಓಡುತ್ತಾನೆ, ಕ್ಯಾಮೆರಾ ಅವನ ಬೆನ್ನು ಹತ್ತುತ್ತದೆ. ಸುತ್ತಿಗೆ ಹಿಡಿದವನ ಗತಿಯೇನಾಯಿತೆಂದು ಚಿತ್ರ ವಿಚಾರಿಸುವುದಿಲ್ಲ. ‘ಗೋಲ್ಡ್ ಡಿಗ್ಗರ್ಸ್’ನ ಆ ಕೊನೆಯ ಹಾಡಿನ ಒಂದು ಭಾಗವನ್ನು ಕಿಟಕಿಯ ಬಳಿ ಕುಳಿತು ಎದೆ ಕಲಕುವಂತೆ ಹಾಡಿದ ಕಪ್ಪುವರ್ಣೀಯ ಗಾಯಕಿ ಎಟ್ಟಾ ಮೋಟನ್ ಅವರ ಹೆಸರೂ ಚಿತ್ರದ ಶೀರ್ಷಿಕೆಗಳಲ್ಲಿ ಇಲ್ಲ.