ಸಂಗೀತ ಪ್ರಶ್ನೋತ್ತರ: ಬೇಸ್ ಗಿಟಾರಿಗೆ ತಂಬೂರಿಯ ಪಾಠ

ಪ್ರಶ್ನೆ: ಆರು ವರ್ಷಗಳಿಂದ ಆರ್ಕೆಸ್ಟ್ರಾ ತಂಡವೊಂದರಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದೇನೆ. ಗಣೇಶೋತ್ಸವ, ಜಾತ್ರೆ, ಮದುವೆಯ ಆರತಕ್ಷತೆಗಳಲ್ಲಿ ಚಿತ್ರಗೀತೆ, ಭಾವಗೀತೆ, ದಾಸರ ಪದಗಳಿಗೆ ಸಾಥ್ ಕೊಡುತ್ತೇನೆ. ಕೀಬೋರ್ಡಿನವರು ಹೇಳಿದ ಕಾರ್ಡಿನ (ಒಟ್ಟಿಗೆ ನುಡಿಸುವ ಸ್ವರಗುಚ್ಛದ) ಮೂಲಸ್ವರ ಹಿಡಿದು ಅದರ ಪಂಚಮಕ್ಕೆ ಹೋಗಿ ಬರುವುದಷ್ಟೇ ನನಗೆ ಗೊತ್ತು. ಮನೆಯ ಹತ್ತಿರವೇ ಹಿಂದುಸ್ತಾನಿ ಗಾಯನ ಕಲಿಸುವ ಗುರುಗಳಿದ್ದಾರೆ. ಹಾಡುಗಾರನಾಗುವ ಆಸೆ ನನಗಿಲ್ಲ. ಆ ಪಾಠದಿಂದ ನನ್ನ ವಾದ್ಯಕ್ಕೆ ಪ್ರಯೋಜನವಿದೆಯೇ?
— ಓದುಗರೊಬ್ಬರು, ಶಿರಸಿ

ಉತ್ತರ: ಖಂಡಿತ ಇದೆ. ಹಾಡುಗಾರನಾಗುವ ಆಸೆ ಇಲ್ಲದಿದ್ದರೂ ಹಾಡುವುದನ್ನೇ ಕಲಿಯಿರಿ. ಗಾಯಕರ ಸ್ವರಕ್ಕೆ ಯಾವ ಅರ್ಥ ಬರಬೇಕು ಎಂಬುದನ್ನು ಬಹುಪಾಲು ನಿರ್ಧರಿಸುವುದು ತಳದಲ್ಲಿ ಮಿಡಿಯುವ ನಿಮ್ಮ ಸ್ವರವೇ. ಗಾಯಕಿಯೊಬ್ಬರು ಶುದ್ಧ ಗಾಂಧಾರದ ಮೇಲೆ ನಿಂತಿದ್ದಾರೆ ಎಂದುಕೊಳ್ಳಿ. ಕೆಳಗೆ ನೀವು ಷಡ್ಜ ನುಡಿಸಿದರೆ ಆ ಗಾಂಧಾರ ನೆಲೆ ಸಿಕ್ಕಂತೆ ತಣ್ಣಗೆ ಕೇಳುತ್ತದೆ. ಧೈವತ ನುಡಿಸಿದರೆ ಅದೇ ಗಾಂಧಾರ ಧೈವತಕ್ಕೆ ಪಂಚಮವಾಗಿ ತುಸು ಮಂಕಾದ ಬಣ್ಣ ತಾಳುತ್ತದೆ. ಶುದ್ಧ ಮಧ್ಯಮ ನುಡಿಸಿದರೆ ಅದು ಮಧ್ಯಮದ ನಿಷಾದವಾಗಿ, ಎಲ್ಲಿಗೋ ಹೋಗಬೇಕೆಂದು ತುಡಿಯುತ್ತದೆ. ಗಾಯಕಿಯ ಕಂಠ ಕದಲಿಲ್ಲ, ಕದಲಿದ್ದು ನಿಮ್ಮ ಬೆರಳು. ಕೀಬೋರ್ಡಿನವರು ಹೇಳಿದ ಅಕ್ಷರ ನೋಡಿ ನುಡಿಸುವವರಿಗೆ ಇದು ಕೇಳಿಸುವುದಿಲ್ಲ. ತಂಬೂರಿಯ ಮುಂದೆ ಕುಳಿತು ಒಂದೊಂದು ಸ್ವರವನ್ನೂ ಷಡ್ಜದೊಂದಿಗೆ ತೂಗಿ ನೋಡಿದವರಿಗೆ ತಾನಾಗಿ ಕೇಳಿಸುತ್ತದೆ.

ನನ್ನ ಅನುಭವವನ್ನೇ ಹೇಳುತ್ತೇನೆ. ಹಲವು ವರ್ಷಗಳ ಹಿಂದೆ ಶಿರಸಿಯ ಸಮೀಪದ ಮನೆಯೊಂದರ ಜಗಲಿಯಲ್ಲಿ ಹಿರಿಯ ಗಾಯಕರೊಬ್ಬರು ಮಾಲಕಂಸ ರಾಗದ ಭಜನೆಯೊಂದನ್ನು ಅಭ್ಯಾಸ ಮಾಡುತ್ತಿದ್ದರು. ನಾನು ಬೇಸ್ ಹಿಡಿದು ಸಾಥ್ ಕೊಡುತ್ತಿದ್ದೆ. ಎರಡನೇ ಸಾಲಿಗೇ ಅವರು ಹಾಡು ನಿಲ್ಲಿಸಿ, ತಂಬೂರಿಯತ್ತ ಕೈ ತೋರಿಸಿ, "ಅದು ಎಂತ ಹೇಳ್ತಾ ಇದ್ದು, ಕೇಳು ತಮಾ" ಎಂದರು. ತಂಬೂರಿಯ ಮೊದಲ ತಂತಿಯನ್ನು ಅವರು ಪಂಚಮಕ್ಕಲ್ಲ, ಮಧ್ಯಮಕ್ಕೆ ಶ್ರುತಿ ಮಾಡಿಕೊಂಡಿದ್ದರು. ಮಾಲಕಂಸದಲ್ಲಿ ರಿಷಭವೂ ಪಂಚಮವೂ ವರ್ಜ್ಯ, ಅಂದರೆ ಬಳಸುವಂತಿಲ್ಲ. ನನ್ನ ಬೆರಳು ಮಾತ್ರ ರೂಢಿಯಂತೆ ಷಡ್ಜದಿಂದ ಪಂಚಮಕ್ಕೆ ಹೋಗಿ ಬರುತ್ತಿತ್ತು. ಅವರು ಇಷ್ಟಿಷ್ಟೇ ಕಟ್ಟುತ್ತಿದ್ದ ರಾಗವನ್ನು ನಾನು ಬುಡದಿಂದಲೇ ಅಲುಗಿಸುತ್ತಿದ್ದೆ. ಭೂಪದಲ್ಲಿ ಬೇರೆ ಬಗೆಯ ಎಡವಟ್ಟಾಗುತ್ತದೆ: ಆ ರಾಗದಲ್ಲಿ ಮಧ್ಯಮ, ನಿಷಾದಗಳಿಲ್ಲ, ಆದರೆ ಮೂರು ಕಾರ್ಡುಗಳ ಅಭ್ಯಾಸವಿರುವ ಕೈ ಮಧ್ಯಮಕ್ಕೆ ಹೋಗಿಯೇ ಹೋಗುತ್ತದೆ. ಚಿತ್ರಗೀತೆಯಲ್ಲಿ ಸಂಗೀತ ನಿರ್ದೇಶಕರು ಬೇಕೆಂದೇ ಹಾಗೆ ಮಾಡಿರಬಹುದು, ಅದು ಅವರ ಆಯ್ಕೆ. ರಾಗವನ್ನೇ ನೆಚ್ಚಿದ ದಾಸರ ಪದಕ್ಕೆ ನೀವು ಗೊತ್ತಿಲ್ಲದೆ ಹಾಗೆ ಮಾಡುವುದು ತಪ್ಪು.

ಅಭ್ಯಾಸಕ್ಕೆ ಇಷ್ಟು ಮಾಡಿ. ಮೊಬೈಲಿನ ತಂಬೂರಿಯನ್ನು ಕಪ್ಪು ಒಂದರ (ಸಿ ಶಾರ್ಪ್) ಶ್ರುತಿಗೆ ಇಟ್ಟು, ಎ ತಂತಿಯ ನಾಲ್ಕನೇ ಫ್ರೆಟ್‌ನಲ್ಲಿ ಷಡ್ಜ ಹಿಡಿಯಿರಿ. ಮುಂದಿನ ಸ್ವರವನ್ನು ಮೊದಲು ಬಾಯಲ್ಲಿ ಹಾಡಿ, ಅದು ತಂಬೂರಿಯಲ್ಲಿ ಕರಗಿದೆ ಎನಿಸಿದ ಮೇಲಷ್ಟೇ ತಂತಿಯಲ್ಲಿ ಹುಡುಕಿ. ಬೇಸ್ ಗಿಟಾರಿನ ಕೆಳಗಿನ ಇ ತಂತಿಯ ನಾದ ಸುಮಾರು 41 ಹರ್ಟ್ಸ್. ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ಅಷ್ಟು ತಗ್ಗಿನ ನಾದ ಬಾರದು, ಆದ್ದರಿಂದ ಒಳ್ಳೆಯ ಹೆಡ್‌ಫೋನ್ ಬಳಸಿ. ಗುರುಗಳು ಬೆಳಿಗ್ಗೆ ಖರಜದ ಅಭ್ಯಾಸ ಮಾಡಿಸಿದರೆ ಬೇಸರಪಡಬೇಡಿ. ಮಂದ್ರದಲ್ಲಿ ಸ್ವರವನ್ನು ನಡುಗದಂತೆ ಉಸಿರಿನ ಕೊನೆಯವರೆಗೆ ಹಿಡಿಯುವ ಆ ಪಾಠಕ್ಕಿಂತ ನಿಮ್ಮ ವಾದ್ಯಕ್ಕೆ ಹತ್ತಿರವಾದದ್ದು ಇನ್ನೊಂದಿಲ್ಲ.

ತಾಳದ ವಿಷಯದಲ್ಲಿ ತಬಲಾದವರ ಡಗ್ಗಾವನ್ನೇ (ಜೋಡಿಯಲ್ಲಿ ತಗ್ಗಿನ ನಾದದ ದೊಡ್ಡದನ್ನು) ಗುರುವೆಂದು ತಿಳಿಯಿರಿ. ಎಂಟು ಮಾತ್ರೆಗಳ (ಎಣಿಕೆಗಳ) ಕೆಹರವಾ ತಾಳದ ಠೇಕಾ, ಅಂದರೆ ತಬಲಾದ ಮೂಲ ಬೋಲು, 'ಧಾ ಗೆ ನ ತಿ, ನ ಕ ಧಿ ನ'. ಇದರಲ್ಲಿ ಡಗ್ಗಾದ ತೆರೆದ ಗುಂಗು ಇರುವುದು ಒಂದು, ಎರಡು ಮತ್ತು ಏಳನೇ ಮಾತ್ರೆಗಳಲ್ಲಿ ಮಾತ್ರ. ಆರನೆಯ 'ಕ' ಅಂಗೈ ಚಪ್ಪಟೆಯಾಗಿ ಬಿದ್ದು ನಾದ ಮುಚ್ಚುವ ಪೆಟ್ಟು. ನೀವು ಎಡಗೈಯಿಂದ ತಂತಿಯನ್ನು ಒತ್ತದೆ ಮುಟ್ಟಿ 'ಟಕ್' ಎನಿಸುವ ಸ್ವರವೂ ಅದೇ. ಎಂಟೂ ಮಾತ್ರೆ ತುಂಬುವುದನ್ನು ಬಿಟ್ಟು ಈ ಮೂರನ್ನಷ್ಟೇ ನುಡಿಸಿ, 'ಕ'ದಲ್ಲಿ ತಂತಿ ಮುಚ್ಚಿ ನೋಡಿ. ಹಾಡು ಒಮ್ಮೆಗೇ ಹಗುರಾಗಿ ನಡೆಯತೊಡಗುತ್ತದೆ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡು ಕಲಿತ ಉತ್ಸಾಹದಲ್ಲಿ ಪ್ರತಿ ಹಾಡಿನಲ್ಲೂ ತಂತಿ ಎಳೆಯಬೇಡಿ. ಗಾಯಕರು ಮೀಂಡು ತೆಗೆಯುವಾಗ ಕೆಳಗಿನ ಸ್ವರ ಅಲುಗದಿದ್ದರೇ ಅದರ ಚೆಲುವು ಕಾಣುವುದು. ತಂಬೂರಿಯಲ್ಲಿ ತಾನಾಗಿ ಹೊಮ್ಮುವ ಗಾಂಧಾರವು ಫ್ರೆಟ್‌ನ ಗಾಂಧಾರಕ್ಕಿಂತ ಸುಮಾರು 14 ಸೆಂಟ್‌ನಷ್ಟು, ಅಂದರೆ ಅರ್ಧಸ್ವರದ ಏಳನೇ ಒಂದು ಭಾಗದಷ್ಟು, ಕೆಳಗಿರುವುದೂ ನಿಮ್ಮ ಗಮನಕ್ಕೆ ಬರುತ್ತದೆ. ಅದನ್ನು ಕಿವಿಯಲ್ಲಿ ಉಳಿಸಿಕೊಳ್ಳಿ. ಕೀಬೋರ್ಡಿನ ಜೊತೆ ನುಡಿಸುವಾಗ ಕೀಬೋರ್ಡಿನ ಶ್ರುತಿಗೇ ಹೊಂದಿಕೊಳ್ಳಿ.

ಬಸವರಾಜ ರಾಜಗುರುಗಳ ಶಿಷ್ಯರಾದ ಹಾಸಣಗಿ ಗಣಪತಿ ಭಟ್ಟರಂಥ, ಪರಮೇಶ್ವರ ಹೆಗಡೆಯವರಂಥ ಗಾಯಕರನ್ನು ಕೊಟ್ಟ ಜಿಲ್ಲೆ ನಿಮ್ಮದು. ಗುರುಗಳಿಗೆ ನಿಮ್ಮ ವಾದ್ಯ ಯಾವುದೆಂದು ಮೊದಲ ದಿನವೇ ತಿಳಿಸಿ, ಸಾಧ್ಯವಾದರೆ ಕೊಂಡೊಯ್ದು ತೋರಿಸಿ.

ಪ್ರಶ್ನೆ: ಚರ್ಚಿನ ಗಾಯನವೃಂದಕ್ಕೆ ಬೇಸ್ ನುಡಿಸುತ್ತೇನೆ. ನನಗೆ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತವೇ ಹತ್ತಿರ. ಎಲ್ಲಿಂದ ಆರಂಭಿಸಲಿ?
— ಓದುಗರೊಬ್ಬರು, ಕಾರವಾರ

ಉತ್ತರ: ನಾಲ್ಕು ದನಿಗಳ ಭಕ್ತಿಗೀತೆಯ ಸ್ವರಲಿಪಿ ನಿಮ್ಮ ಕೈಯಲ್ಲೇ ಇದ್ದರೆ ಅದರ ಕೆಳಗಿನ ಸಾಲನ್ನು ಹಾಡಿನಂತೆ ಹಾಡಿಕೊಳ್ಳಿ; ಅದು ಕಾರ್ಡುಗಳ ಮೂಲಸ್ವರಗಳ ಪಟ್ಟಿಯಲ್ಲ, ಸ್ವತಂತ್ರವಾದ ರಾಗಸಂಚಾರ. ಆಮೇಲೆ ಬಾಖ್ (1685–1750) ಒಂಟಿ ಚೆಲ್ಲೋಗಾಗಿ ಬರೆದ ಆರು ಸೂಟ್‌ಗಳಲ್ಲಿ ಮೊದಲನೆಯದರ ಪೀಠಿಕೆಯನ್ನು ಒಂದು ಸಪ್ತಕ ಕೆಳಗೆ ನುಡಿಸಲು ತೊಡಗಿ. ಇ ತಂತಿಯ ಮೂರನೇ ಫ್ರೆಟ್‌ನ ಜಿ ಸ್ವರದಿಂದ ಶುರುವಾಗುತ್ತದೆ. ಮೊದಲ ನಾಲ್ಕು ಬಾರ್‌ಗಳಲ್ಲಿ (ಸ್ವರಲಿಪಿಯ ತಾಳವಿಭಾಗಗಳಲ್ಲಿ) ಮೇಲಿನ ಸ್ವರಗಳು ಬದಲಾಗುತ್ತಾ ಹೋದರೂ ಕೆಳಗಿನ ಜಿ ಮಾತ್ರ ಮತ್ತೆ ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತದೆ, ಮೇಲೆ ಶಿರಸಿಯ ಓದುಗರಿಗೆ ಹೇಳಿದ ತಂಬೂರಿಯಂತೆಯೇ. ಒಂದು ವಾರ ಆ ನಾಲ್ಕು ಬಾರ್‌ಗಳನ್ನಷ್ಟೇ, ನಿಧಾನವಾಗಿ ನುಡಿಸಿ.