ಜ್ವರ ಬಿಟ್ಟ ಮೇಲೆ ಒಂದೇ ಕೆನ್ನೆಯಲ್ಲಿ ನೋವು

ಪ್ರಶ್ನೆ: ನನ್ನ ತಂದೆಗೆ 61 ವರ್ಷ. 14 ವರ್ಷಗಳಿಂದ ಸಕ್ಕರೆ ಕಾಯಿಲೆಯಿದೆ. ಎರಡು ವಾರಗಳ ಹಿಂದೆ ಫ್ಲೂ ಬಂದು ವಾಸಿಯಾಯಿತು. ಈಗ ನಾಲ್ಕು ದಿನಗಳಿಂದ ಎಡಗೆನ್ನೆಯಲ್ಲಿ ನೋವಿದ್ದು, ಹಳದಿ ಸಿಂಬಳ ಬರುತ್ತಿದೆ. ಔಷಧದ ಅಂಗಡಿಯಲ್ಲಿ ಕೊಟ್ಟ ಮಾತ್ರೆಗಳನ್ನು ನುಂಗುತ್ತಿದ್ದಾರೆ. ಇದು ಕೊರೊನಾ ಕಾಲದ ಕಪ್ಪು ಶಿಲೀಂಧ್ರವೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನೀವು ಬರೆದಿರುವ ಲಕ್ಷಣಗಳು ಬ್ಯಾಕ್ಟೀರಿಯಾದ ಸೈನಸ್ (ಮೂಗಿನ ಸುತ್ತಲಿನ ಮೂಳೆಗಳೊಳಗಿನ ಗಾಳಿಗೂಡು) ಸೋಂಕಿಗೆ ಹೆಚ್ಚು ಹೊಂದುತ್ತವೆ. ವೈರಸ್‌ನಿಂದ ಮೂಗಿನ ಒಳಪೊರೆ ಊದಿಕೊಂಡು ಸೈನಸ್‌ನ ಕಿರುದಾರಿ ಮುಚ್ಚಿದಾಗ ಒಳಗೆ ನಿಂತ ಸಿಂಬಳದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಕಡಿಮೆಯಾದ ಶೀತ ಮತ್ತೆ ಉಲ್ಬಣಿಸುವುದು ಅದರ ಸಾಮಾನ್ಯ ಲಕ್ಷಣ. ಆದರೆ ನಿಮ್ಮ ತಂದೆಯವರಿಗೆ ಸಕ್ಕರೆ ಕಾಯಿಲೆ ಇರುವುದರಿಂದ, ಪರೀಕ್ಷೆಯಿಲ್ಲದೆ ಅಷ್ಟೇ ಎಂದು ನಂಬಿ ಕೂರುವುದನ್ನು ನಾನು ಒಪ್ಪುವುದಿಲ್ಲ.

ಕಪ್ಪು ಶಿಲೀಂಧ್ರ ರೋಗ ತರುವ ಮ್ಯೂಕರ್ ಗುಂಪಿನ ಶಿಲೀಂಧ್ರಗಳ ಬೀಜಕಣಗಳು ಮಣ್ಣು, ಗೊಬ್ಬರ, ಕೊಳೆತ ಹಣ್ಣುಗಳಲ್ಲಿದ್ದು, ನಾವೆಲ್ಲರೂ ದಿನವೂ ಅವನ್ನು ಉಸಿರಾಡುತ್ತೇವೆ. ಸಕ್ಕರೆ ಏರಿದಾಗ ಅವನ್ನು ಕೊಲ್ಲಬೇಕಾದ ಬಿಳಿ ರಕ್ತಕಣಗಳು ಸೊರಗುತ್ತವೆ. ಕೊಬ್ಬು ಕರಗಿದಾಗ ಹುಟ್ಟುವ ಕೀಟೋನ್ ಹೆಚ್ಚಿ ರಕ್ತ ಆಮ್ಲೀಯವಾದರಂತೂ ಪ್ರೋಟೀನಿಗೆ ಅಂಟಿಕೊಂಡಿದ್ದ ಕಬ್ಬಿಣ ಬಿಡುಗಡೆಯಾಗಿ ಶಿಲೀಂಧ್ರಕ್ಕೆ ಆಹಾರವಾಗುತ್ತದೆ. 2021ರ ಎರಡನೇ ಅಲೆಯಲ್ಲಿ ಕೊರೊನಾ, ಹತೋಟಿ ತಪ್ಪಿದ ಸಕ್ಕರೆ ಮತ್ತು ಸ್ಟೀರಾಯ್ಡ್ ಒಟ್ಟುಗೂಡಿದ್ದರಿಂದಲೇ ಅಷ್ಟು ಜನ ಕಣ್ಣು, ಪ್ರಾಣ ಕಳೆದುಕೊಂಡರು. ಶಿಲೀಂಧ್ರ ಕಪ್ಪಲ್ಲ, ಅದು ರಕ್ತನಾಳಗಳೊಳಗೆ ನುಗ್ಗಿ ಅವನ್ನು ಮುಚ್ಚುವುದರಿಂದ ಸತ್ತ ಅಂಗಾಂಶ ಕಪ್ಪಾಗುತ್ತದೆ. ಆದ್ದರಿಂದ ಕಪ್ಪು ಕಾಣುವವರೆಗೆ ಕಾಯಬಾರದು. ಕೆನ್ನೆ ಜೋಮು ಹಿಡಿದಂತಾಗುವುದು, ರೆಪ್ಪೆ ಜೋಲುವುದು, ಎರಡೆರಡು ಕಾಣುವುದು, ಕಣ್ಣಿನ ಸುತ್ತ ಊತ, ಮೇಲ್ದವಡೆಯ ಹಲ್ಲು ಅಲುಗಾಡುವುದು, ಇವುಗಳಲ್ಲಿ ಒಂದು ಕಂಡರೂ ಅದೇ ದಿನ, ರಾತ್ರಿಯಾದರೂ ಸರಿ, ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ.

ಅಂತಹ ಲಕ್ಷಣ ಇಲ್ಲದಿದ್ದರೂ ನಾಳೆಯೊಳಗೆ ಕಿವಿ, ಮೂಗು, ಗಂಟಲು ತಜ್ಞರಿಗೆ ತೋರಿಸಿ. ಎಂಡೊಸ್ಕೋಪಿನಲ್ಲಿ ಮೂಗಿನೊಳಗೆ ನೋಡಿ, ಸಂಶಯವಿದ್ದರೆ ಚೂರು ಅಂಗಾಂಶ ತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರೆ ಶಿಲೀಂಧ್ರವಿದೆಯೇ ಎಂಬುದು ಸಾಮಾನ್ಯವಾಗಿ ಅಂದೇ ತಿಳಿಯುತ್ತದೆ. ಬ್ಯಾಕ್ಟೀರಿಯಾ ಆಗಿದ್ದರೆ ಸೂಕ್ತ ಆಂಟಿಬಯೋಟಿಕ್ ಸಾಕಾಗಬಹುದು. ಶಿಲೀಂಧ್ರವಾಗಿದ್ದರೆ ಆಂಟಿಬಯೋಟಿಕ್‌ಗೆ ಅದು ಜಗ್ಗುವುದಿಲ್ಲ. ಸತ್ತ ಭಾಗವನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದು, ಮೂತ್ರಪಿಂಡದ ಮೇಲೆ ನಿಗಾ ಇಟ್ಟು ಆಂಫೋಟೆರಿಸಿನ್ ಎಂಬ ಶಿಲೀಂಧ್ರನಾಶಕ ಚುಚ್ಚುಮದ್ದು ಕೊಡಬೇಕಾಗುತ್ತದೆ.

ಇಂದೇ ಅವರ ರಕ್ತದ ಸಕ್ಕರೆ ಪರೀಕ್ಷಿಸಿ. 250 ದಾಟಿದ್ದರೆ ಕೀಟೋನ್ ಪರೀಕ್ಷೆಯನ್ನೂ ಮಾಡಿಸಿ. ಊಟ ಸೇರುತ್ತಿಲ್ಲವೆಂದು ಇನ್ಸುಲಿನ್ ಅನ್ನು ನೀವಾಗಿಯೇ ನಿಲ್ಲಿಸಬೇಡಿ. ಅಂಗಡಿಯವರು ಕೊಟ್ಟ ಮಾತ್ರೆಗಳ ಪಟ್ಟಿಗಳನ್ನು ವೈದ್ಯರ ಬಳಿ ತಪ್ಪದೆ ಒಯ್ಯಿರಿ. ಅವುಗಳಲ್ಲಿ ಪ್ರೆಡ್ನಿಸೊಲೋನ್ ಅಥವಾ ಡೆಕ್ಸಾಮೆಥಾಸೋನ್ ಎಂಬ ಹೆಸರಿದ್ದರೆ ಅವು ಸ್ಟೀರಾಯ್ಡ್‌ಗಳು. ಎಷ್ಟು ದಿನ ನುಂಗಿದ್ದಾರೆಂಬುದನ್ನೂ ವೈದ್ಯರಿಗೆ ಹೇಳಿ.